ನುಚ್ಚಾಗದೆ ಮೇಲೆ ಬಂದವರು

ನಿವೃತ್ತಿಯ ಬೀಳ್ಕೊಡುಗೆಯಲ್ಲಿ ಪ್ರಿನ್ಸಿಪಾಲರು ಮೈಕು ಹಿಡಿದು, “ಮೇಡಮ್ಮೋರೆ, ಇನ್ನ ಮುಂದ ಏನ್ ಮಾಡಬೇಕಂತ ಮಾಡೀರಿ?” ಎಂದು ಕೇಳಿದರು. ಈ ಪ್ರಶ್ನೆಗೆ ಬಳ್ಳಾರಿಯಲ್ಲಿ ಸಿದ್ಧ ಉತ್ತರಗಳಿವೆ: ಮೊಮ್ಮಕ್ಕಳು, ಯೋಗಾಸನ, ಕಾಶಿಯಾತ್ರೆ, ಕಂಟೋನ್ಮೆಂಟ್ ಕಡೆ ಬೆಳಗಿನ ವಾಕಿಂಗ್. ಮೇಡಂ ಹೆಗಲಿಗೆ ಹೊದಿಸಿದ್ದ ಶಾಲು ತೆಗೆದು, ಮಡಚಿ ತೊಡೆಯ ಮೇಲಿಟ್ಟುಕೊಂಡು, “ಸಮುದ್ರಕ್ಕ ಇಳೀತೀನಿ” ಅಂದರು.

ಸಭೆ ಭಕ್ತಿಯಿಂದ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಗೋಕರ್ಣವೋ ರಾಮೇಶ್ವರವೋ ಎಂಬ ಚರ್ಚೆ ಶುರುವಾಯಿತು. ಗಣಿತದ ಸರ್ ಎದ್ದು ನಿಂತು, “ಅಮಾಸಿ ದಿನ ಸಮುದ್ರಸ್ನಾನ ಮಾಡ್ರಿ ಮೇಡಂ, ಪುಣ್ಯ ಜಾಸ್ತಿ” ಎಂದು ಸಲಹೆ ಕೊಟ್ಟರು.

“ಸ್ನಾನಕ್ಕಲ್ರಿ ಸರ್,” ಅಂದರು ಮೇಡಂ. “ತಳಕ್ಕ.”

ಗಣಿತದ ಸರ್ ಮೆಲ್ಲಗೆ ಕೂತುಬಿಟ್ಟರು. ಹಿಂದಿನ ಸಾಲಿನಲ್ಲಿದ್ದ ನಾನು ಕುರ್ಚಿಯಲ್ಲಿ ಕೆಳಕೆಳಗೆ ಜಾರಿದೆ. ಅರವತ್ತಕ್ಕೆ ಬಂದ ಈ ಭೌತಶಾಸ್ತ್ರದ ಅಧ್ಯಾಪಕಿಯ ತಲೆಗೆ ಆ ತಳವನ್ನು ತುಂಬಿದವನು ನಾನೇ ಎಂದು ಸಭೆಗೆ ಗೊತ್ತಾದರೆ, ನನ್ನ ಮಿಮಿಕ್ರಿ ಮುಗಿದ ಮೇಲೆ ಹಾಕಲೆಂದು ತಂದಿದ್ದ ಹೂವಿನ ಹಾರ ಬೇರೆ ಕಾರ್ಯಕ್ಕೆ ಬಳಕೆಯಾಗುವ ಸಾಧ್ಯತೆ ಇತ್ತು.

ಮೇಡಂ ಸಿರುಗುಪ್ಪದವರು, ಅಕ್ಕಿ ಗಿರಣಿಯ ಮನೆತನದವರು. ಮದುವೆಯಾಗಲಿಲ್ಲ, ಯಾಕೆಂದು ಕೇಳಿದವರಿಗೆ “ಅವಸರ ಐತೇನು?” ಎಂದು ತಿರುಗಿ ಕೇಳುತ್ತಿದ್ದರು. ಪಾರ್ವತಿನಗರದ ಸಣ್ಣ ಮನೆಯಲ್ಲಿ ಒಬ್ಬರೇ ಇದ್ದರು. ತರಗತಿಯಲ್ಲಿ ಹಾಜರಿ ಕರೆಯುವಾಗ ನಮ್ಮ ಹೆಸರು ಓದುತ್ತಿದ್ದರು, ಬೈಯುವಾಗ ಊರು. “ಲೇ ಕುರುಗೋಡು, ಎದ್ದು ನಿಲ್ಲು” ಅಂದರೆ ಅದು ನಾನು. ನಮ್ಮ ಇಡೀ ಪಟ್ಟಣವೇ ಬೆಟ್ಟದ ಸಮೇತ ಎದ್ದು ನಿಂತಂತೆ ನನಗೆ ಅನಿಸುತ್ತಿತ್ತು. ಸೇಡಿಗೆ ನಾವೂ ಅವರನ್ನು ಸಿರುಗುಪ್ಪ ಮೇಡಂ ಎಂದೇ ಕರೆದೆವು.

ತಪ್ಪು ಉತ್ತರಕ್ಕೆ ಅವರು ಸೊನ್ನೆ ಹಾಕುತ್ತಿರಲಿಲ್ಲ. ಕೆಂಪು ಶಾಯಿಯಲ್ಲಿ ‘ನುಚ್ಚು’ ಎಂದು ಬರೆಯುತ್ತಿದ್ದರು. ಗಿರಣಿಯಲ್ಲಿ ಇಡಿಯಾಗಿ ಬರಬೇಕಾದ ಅಕ್ಕಿ ಒಡೆದು ಬಂದರೆ ಅದು ನುಚ್ಚು. ಕೋಳಿಗೆ ಹಾಕಬಹುದು, ನೆಂಟರಿಗೆ ಬಡಿಸಲಾಗದು. “ಉತ್ತರ ಗೊತ್ತೈತಿ ನಿನಗ. ಅವಸರಕ್ಕ ಒಡದೀ” ಎಂಬುದು ಅದರ ಅರ್ಥ. ನನ್ನ ಉತ್ತರಪತ್ರಿಕೆಗಳಲ್ಲಿದ್ದ ನುಚ್ಚಿನಲ್ಲಿ ಕುರುಗೋಡಿನ ಕೋಳಿಗಳೆಲ್ಲ ಒಂದು ಹಂಗಾಮು ಕಳೆಯಬಹುದಿತ್ತು.

ಇನ್ನೊಂದು ಅವರ ಮೆಟ್ಟಿಲು. ಪ್ರಯೋಗಶಾಲೆ ಮೇಲಿನ ಮಹಡಿಯಲ್ಲಿತ್ತು. ಮೇಡಂ ಮೆಟ್ಟಿಲು ತಿರುಗುವ ಪ್ರತಿ ಕಟ್ಟೆಯಲ್ಲೂ ನಿಂತುಬಿಡುತ್ತಿದ್ದರು. ಒಂದು ಕೈ ಸೊಂಟಕ್ಕೆ, ಇನ್ನೊಂದು ಕೈಯ ತೋರುಬೆರಳು ಮೇಲೆ. ಹಿಂದೆ ನಾವು ಗೂಡ್ಸ್ ಗಾಡಿಯ ಹಿಂದೆ ಸಿಕ್ಕಿಕೊಂಡ ಎಕ್ಸ್‌ಪ್ರೆಸ್ಸಿನ ಹಾಗೆ ಕಾಯಬೇಕು. ಏದುಸಿರು ಬಂದು ನಿಲ್ಲುತ್ತಿದ್ದುದಲ್ಲ, ಅದು ಅವರ ಪದ್ಧತಿ. ಹತ್ತುತ್ತಲೇ ಪ್ರಶ್ನೆ ಕೇಳಿರುತ್ತಿದ್ದರು; ಮುಂದಿನ ಕಟ್ಟೆಯಲ್ಲಿ ನಿಂತು ಉತ್ತರಕ್ಕೆ ಕಾಯುತ್ತಿದ್ದರು. ಆ ಭಂಗಿ ನನ್ನ ಮಿಮಿಕ್ರಿಯ ಅತ್ಯಂತ ಬೇಡಿಕೆಯ ಐಟಂ. ಪ್ರಿನ್ಸಿಪಾಲರ ಮೂಗಿನ ಮಾತು, ಜವಾನನ ಬೀಗದ ಕೈ ಸದ್ದು, ಬೈಸಿಕೊಳ್ಳುವಾಗಿನ ನನ್ನದೇ ಕುರಿಮುಖ ಎಲ್ಲವೂ ಅದರ ನಂತರ.

ಒಮ್ಮೆ ಕಟ್ಟೆಯ ಮೇಲೆ ನಿಂತು ಗೆಳೆಯರಿಗೆ ಅದನ್ನೇ ಮಾಡಿ ತೋರಿಸುತ್ತಿದ್ದೆ. ನಗು ಒಮ್ಮೆಲೇ ನಿಂತಿತು. ಮಿಮಿಕ್ರಿ ಮಾಡುವವನಿಗೆ ಆ ಮೌನದ ಅರ್ಥ ಗೊತ್ತು: ಅಸಲು ಹಿಂದೆ ನಿಂತಿದೆ. ತಿರುಗಿದೆ. ಮೇಡಂ ಕನ್ನಡಕ ಸರಿಮಾಡಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿ, “ಎತ್ತೋದು ಎಡಗೈ ಅಲ್ಲಲೇ, ಬಲಗೈ. ನೋಡಿ ಮಾಡು. ವೀಕ್ಷಣೆ ತಪ್ಪಿದ್ರ ಪ್ರಯೋಗನ ತಪ್ಪು” ಅಂದು ಹತ್ತಿ ಹೋದರು. ಮುಂದಿನ ಕಟ್ಟೆಯಲ್ಲಿ ನಿಂತರು. ಬಲಗೈ ಎತ್ತಿದರು. ನೋಡಿಕೋ ಅಂತ.

ಡಿಗ್ರಿ ಮುಗಿದ ಮೇಲೆ ನಾನು ಕರಾವಳಿಗೆ ಹೋದೆ. ನಮ್ಮೂರಲ್ಲಿ ಕಲ್ಲಿದೆ, ಮೆಣಸಿನಕಾಯಿ ಇದೆ. ನೀರು ಅಂದರೆ ಕೊಡದಲ್ಲಿ ಬರುವ ಪದಾರ್ಥ. ಅಂಥವನು ಒಂದು ಸ್ಕೂಬಾ ಡೈವಿಂಗ್ ಶಾಲೆಯ ಬೋಟಿನಲ್ಲಿ ಸಿಲಿಂಡರ್ ಹೊರುವ ಕೆಲಸಕ್ಕೆ ಸೇರಿದೆ. ಗಾಳಿ ತುಂಬಿದ ಆ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಜನ ದ್ವೀಪದ ಪಕ್ಕದಲ್ಲಿ ಮುಳುಗಿ ಮೀನು ನೋಡಿ ಬರುತ್ತಾರೆ. ಅಲೆಗೆ ಅವರ ಹೊಟ್ಟೆ ತೊಳಸುವ ಮೊದಲು ನಗಿಸುವುದು ನನ್ನ ಹೆಚ್ಚುವರಿ ಹೊಣೆ. ಕೆಲಸ ಚೆನ್ನಾಗಿತ್ತು. ಆದರೆ ನೀರಿನೊಳಗೆ ಜನರನ್ನು ಕರೆದೊಯ್ಯುವ ಗೈಡ್ ಆಗಬೇಕಾದರೆ ಒಂದು ಪರೀಕ್ಷೆ, ಆ ಪರೀಕ್ಷೆಯ ನಡುಮಧ್ಯೆ ಒಂದು ಕೋಷ್ಟಕ.

ಎಷ್ಟು ಆಳಕ್ಕೆ ಹೋದರೆ ಎಷ್ಟು ನಿಮಿಷ ಇರಬಹುದು ಎಂದು ಹೇಳುವ ಕೋಷ್ಟಕ ಅದು. ಈಗ ಕೈಗೆ ಕಟ್ಟುವ ಕಂಪ್ಯೂಟರ್ ಕ್ಷಣಕ್ಷಣಕ್ಕೂ ಅದೇ ಲೆಕ್ಕ ಮಾಡುತ್ತದೆ. ಆದರೂ ನಮ್ಮ ಶಾಲೆಯ ಬೋಧಕರು, ಕರಾವಳಿಯ ಮೀನುಗಾರ ಮನೆತನದವರು, “ಬ್ಯಾಟರಿ ಸತ್ತರೆ ತಲೆ ಇರಬೇಕಲ್ಲ ಮಾರಾಯ” ಎಂದು ಕೋಷ್ಟಕ ಕಲಿಸದೆ ಬಿಡುತ್ತಿರಲಿಲ್ಲ. ಮೊದಲ ಮುಳುಗು ಹಾಕಿ ಬಂದವನಿಗೆ ಕೋಷ್ಟಕ ಎ, ಬಿ, ಸಿ ಅಂತ ಒಂದು ಅಕ್ಷರ ಕೊಡುತ್ತದೆ. ಬೋಟಿನ ಮೇಲೆ ಕೂತಷ್ಟೂ ಆ ಅಕ್ಷರ ಹಿಂದಕ್ಕೆ ಸರಿಯುತ್ತದೆ. ಮತ್ತೆ ಇಳಿಯುವಾಗ, ‘ಇಷ್ಟು ನಿಮಿಷ ನೀನು ಆಗಲೇ ಒಳಗಿದ್ದೀಯ’ ಎಂದು ಅದು ಕಳೆದುಬಿಡುತ್ತದೆ. ಅಲ್ಲೇ ನಾನು ತಪ್ಪುತ್ತಿದ್ದೆ. ಮೇಲೆ ಬಂದು, ಮೈ ಒರೆಸಿಕೊಂಡು, ಬಿಸಿಲಿಗೆ ಕೂತು ಬಾಳೆಹಣ್ಣು ತಿನ್ನುತ್ತಿರುವವನಿಗೆ ‘ನೀನಿನ್ನೂ ನೀರಿನಲ್ಲಿದ್ದೀಯ’ ಅಂದರೆ ಹೇಗೆ ನಂಬುವುದು?

ನಪಾಸಾಗಿ ಬಳ್ಳಾರಿಗೆ ಬಂದವನು ಕೋಷ್ಟಕ ಹಿಡಿದು ಪಾರ್ವತಿನಗರದ ಬಾಗಿಲು ತಟ್ಟಿದೆ. ಮೇಡಂ ಅದನ್ನು ಬಹಳ ಹೊತ್ತು ನೋಡಿದರು. ಆ ಮುಖದಲ್ಲಿ ನಾನು ಅಂಥ ಆಸೆ ಕಂಡಿರಲಿಲ್ಲ. ಸೀರೆ ಅಂಗಡಿಯಲ್ಲಿ ನಮ್ಮ ಅತ್ತೆಯ ಮುಖ ಹಾಗಾಗುತ್ತದೆ.

“ಭಾಳ ಚಂದ ಐತಲೇ ಇದು” ಅಂದರು. “ಭಾನುವಾರ ಸಿರುಗುಪ್ಪಕ್ಕ ಬಾ. ಇದು ಹಲಗಿ ಮ್ಯಾಲ ಹೇಳಿದ್ರ ನಿನಗ ತಿಳಿಯಂಗಿಲ್ಲ.”

ಗಿರಣಿಯನ್ನು ಈಗ ನಡೆಸುವವರು ಮೇಡಂ ಅವರ ತಮ್ಮ. ಅಂಗಳದ ತುಂಬ ಹರವಿದ ಭತ್ತ, ಅದರ ತುದಿಗೆ ಅವರ ಕುರ್ಚಿ. ಯಾವುದನ್ನೂ ಕಡಿದು ನೋಡದೆ ನಂಬದ ಮನುಷ್ಯ. ಭತ್ತದ ಕಾಳು ಬಾಯಿಗಿಟ್ಟು ಮುಂಹಲ್ಲಿನಲ್ಲಿ ಕಡಿಯುತ್ತಾರೆ, ಕಿವಿಯನ್ನು ಒಂದಿಷ್ಟು ವಾಲಿಸುತ್ತಾರೆ, ತೀರ್ಪು ಕೊಡುತ್ತಾರೆ. ನಾನು ನಮಸ್ಕಾರ ಹೇಳಿದಾಗಲೂ ನನ್ನ ಕೈಬೆರಳಿನ ಮೇಲೆ ಅವರ ಕಣ್ಣು ಬಿದ್ದದ್ದು ಕಂಡು ಹಿಂದೆ ಸರಿದೆ.

ಮೇಡಂ ಅಂಗಳದಿಂದ ಒಂದು ಕಾಳು ಆಯ್ದು ನನಗೆ ಕೊಟ್ಟರು. “ಕಡಿ.”

ಕಡಿದೆ. ಟಕ್ ಎಂದಿತು. “ಒಣಗೈತ್ರಿ ಮೇಡಂ.”

ತಮ್ಮ ಇನ್ನೊಂದು ಕಾಳು ಕಡಿದರು. ಕಿವಿ ವಾಲಿಸಿದರು. “ಒಣಗಿಲ್ಲ. ಸಿಪ್ಪಿ ಒಣಗೈತಿ, ಒಳಗ ಹಸಿ ಐತಿ.”

“ಈಗ ಇದನ್ನ ಮಿಲ್ಲಿಗೆ ಹಾಕಿದ್ರ?” ಮೇಡಂ ಕೇಳಿದರು.

“ಅರ್ಧ ನುಚ್ಚು ಅಕ್ಕಾ.”

“ಇನ್ನ ಬಿಸಿಲಿಗಿಟ್ಟು ದಡದಡ ಒಣಗಿಸಿದ್ರ?”

“ಆವಾಗ ಪೂರಾ ನುಚ್ಚು. ಮ್ಯಾಲ ಬಿಗೀತೈತಿ, ಒಳಗ ಹಿಗ್ಗಿರ್ತೈತಿ, ನಡುವ ಸೀಳತೈತಿ. ಗುಡ್ಡಿ ಹಾಕಿ ಮುಚ್ಚಿ ಸುಮ್ಮನ ಬಿಡಬೇಕು. ಒಳಗಿನ ಹಸಿ ತಾನಾಗಿ ಹೊರಗ ಬರ್ತೈತಿ. ಆಮ್ಯಾಗ ಮತ್ತ ಹರವಬೇಕು. ಇಷ್ಟ್ಯಾಕ ಕೇಳಾಕತ್ತೀ? ಗಿರಣಿ ವಾಪಸ್ ಕೇಳ್ತೀಯೇನು?”

“ನಿನ್ನ ಗಿರಣಿ ನೀನ ಇಟಗಾ” ಎಂದು ಮೇಡಂ ನನ್ನ ಕಡೆ ತಿರುಗಿದರು. ಅಂಗಳದ ನಡುವೆ, ಕಾಲಿನಿಂದ ಭತ್ತ ಸರಿಸಿ ಮಾಡಿಕೊಂಡ ಜಾಗದಲ್ಲಿ ನಿಂತು, ಅವರು ಹೇಳಿದ್ದು ನನಗೆ ಈಗಲೂ ಅವರ ದನಿಯಲ್ಲೇ ನೆನಪಿದೆ. ಆಳಕ್ಕೆ ಹೋದಷ್ಟೂ ನಾವು ಉಸಿರಾಡುವ ಗಾಳಿಯ ಒತ್ತಡ ಹೆಚ್ಚುತ್ತದೆ. ಆ ಗಾಳಿಯ ಸಾರಜನಕ ಮೈಗೆ ಬೇಡ. ಆದರೂ ಒತ್ತಡಕ್ಕೆ ಕರಗಿ ಸೇರಿಕೊಳ್ಳುತ್ತದೆ. ಮೇಲೆ ಬರುವಾಗ ಅದು ಹೊರಗೆ ಬರಬೇಕು. ನಿಧಾನಕ್ಕೆ ಬಂದರೆ ಉಸಿರಿನ ಜೊತೆ ಹೋಗುತ್ತದೆ. ಅವಸರ ಮಾಡಿದರೆ ಇದ್ದಲ್ಲೇ ಗುಳ್ಳೆಯಾಗುತ್ತದೆ: ಕೀಲಿನಲ್ಲಿ ಆದರೆ ನೋವು, ಬೆನ್ನುಹುರಿಯಲ್ಲಿ ಆದರೆ ಕಾಲೇ ಹೋಗಬಹುದು.

“ಗೋಲಿ ಸೋಡಾ ಒಡದಂಗ” ಅಂದೆ ನಾನು, ಜಾಣನ ಹಾಗೆ.

“ಸೋಡಾ ಎಲ್ಲಾರೂ ಹೇಳ್ತಾರ. ಅದು ಒಂದ ಬಾಟ್ಲಿ. ನಿನ್ನ ಮೈಯಾಗ ಹತ್ತಾರು ಬಾಟ್ಲಿ ಅದಾವ ಅಂತ ತಿಳಕಾ. ಒಂದರ ಬಾಯಿ ಅಗಲ; ಲಗೂನ ತುಂಬತೈತಿ, ಲಗೂನ ಖಾಲಿ. ಇನ್ನೊಂದರ ಬಾಯಿ ಸಣ್ಣದು. ತುಂಬಾಕೂ ಹೊತ್ತು, ಖಾಲಿ ಆಗಾಕೂ ಹೊತ್ತು. ಸಿಪ್ಪಿ, ಕಾಳು. ನೀ ಬೋಟಿನ ಮ್ಯಾಲ ಬಾಳೆಹಣ್ಣು ತಿಂತೀಯಲ್ಲ, ಆವಾಗ ನಿನ್ನ ಸಿಪ್ಪಿ ಒಣಗೈತಿ. ಕಾಳು ಹಸಿ ಐತಿ. ಯಾವ ಬಾಟ್ಲಿನೂ ತನ್ನ ಮಿತಿ ದಾಟಬಾರದು, ಹಂಗ ಎಷ್ಟೊತ್ತು ಇರಬಹುದು? ಆ ನಿಮಿಷನ ನಿನ್ನ ಕೋಷ್ಟಕ.”

ನನ್ನ ತಲೆಯಲ್ಲಿ ಏನೋ ಟಕ್ ಎಂದಿತು.

ಈ ಲೆಕ್ಕ ಮೊದಲು ಹಾಕಿದ ವಿಜ್ಞಾನಿ ಆಡುಗಳನ್ನು ಒತ್ತಡದ ಕೋಣೆಯಲ್ಲಿ ಕೂಡಿಹಾಕಿ, ಹೊರಗೆ ಬಿಟ್ಟಾಗ ಯಾವುದು ಕೀಲುನೋವಿಗೆ ಮುಂಗಾಲು ಎತ್ತಿ ನಿಲ್ಲುತ್ತದೆ ಎಂದು ನೋಡಿದನಂತೆ. ಅದನ್ನು ಮೇಡಂ ಹೇಳುತ್ತಿದ್ದಂತೆಯೇ ನಾನು ಆ ಆಡಾಗಿ ಅಂಗಳದಲ್ಲಿ ಒಂದು ಸುತ್ತು ಹಾಕಿದೆ. ಚೀಲ ಹೊರುತ್ತಿದ್ದ ಹಮಾಲರು ಚೀಲ ಇಳಿಸಿ ನಕ್ಕರು. ಮೇಡಂ ಗಂಭೀರವಾಗಿ, “ಆಡು ಚಲೋ ಮಾಡ್ತೀಯಲೇ. ಶ್ರಮನ ಬೀಳಂಗಿಲ್ಲ ನಿನಗ” ಅಂದರು.

ತಮ್ಮನಿಗೆ ಮಾತ್ರ ಒಂದು ಸಂಶಯ ಉಳಿದಿತ್ತು. ಕಾಲುವೆ ನೀರಿನ ಭತ್ತದ ಸೀಮೆಯಲ್ಲಿ ಸಾರಜನಕ ಅಂದರೆ ಒಂದೇ ಅರ್ಥ. “ಅಕ್ಕಾ, ಸಾರಜನಕ ಅಂದ್ರ ಯೂರಿಯಾ ಅಲ್ಲೇನು? ಅದು ಮೈಗೆ ಸೇರಿದ್ರ ಈ ಹುಡುಗ ಹಸರಾಗಿ ಬೆಳೀಬೇಕಿತ್ತಲ್ಲ? ಹಿಂಗ್ಯಾಕ ಬಡಕಲ ಅದಾನ?”

ಗಿರಣಿಯ ಹಿಂದೆ ಕಾಲುವೆ. ಊಟವಾದ ಮೇಲೆ ಮೇಡಂ ಅದರ ದಂಡೆಗೆ ಕರೆದೊಯ್ದರು. ಚಿಕ್ಕಂದಿನಲ್ಲಿ ತಮ್ಮ ಇದರಲ್ಲಿ ದುಮುಕುತ್ತಿದ್ದನಂತೆ, ಹೆಣ್ಣುಮಕ್ಕಳಿಗೆ ಇಳಿಯಲು ಬಿಡುತ್ತಿರಲಿಲ್ಲವಂತೆ. “ನಾನು ಅವನ ಅಂಗಿ ಹಿಡಕೊಂಡು ದಂಡಿಗೆ ನಿಂತಿರ್ತಿದ್ದೆ. ಮ್ಯಾಲ ಬಂದಾಗೊಮ್ಮೆ ಕೇಳ್ತಿದ್ದೆ, ಒಳಗ ಏನೈತಲೇ ತಮ್ಮಾ ಅಂತ. ‘ಏನಿಲ್ಲಕ್ಕ, ಬರೀ ಕೆಸರು’ ಅಂತಿದ್ದ. ದಿನಾ ಅದ ಉತ್ತರ. ಕೆಸರಿದ್ರ ದಿನಾ ಯಾಕ ದುಮುಕ್ತಿದ್ದ? ಸುಳ್ಳು ಹೇಳ್ತಾನ ಅಂತ ಆವಾಗಿಂದ ಅನುಮಾನ ನನಗ.”

ನೀರಿನಿಂದ ಕಣ್ಣು ತೆಗೆಯದೆ ಕೇಳಿದರು, “ಲೇ ಕುರುಗೋಡು, ನಿಮ್ಮ ಶಾಲಿಯಾಗ ಅರವತ್ತು ಆದವರಿಗೆ ಕಲಸ್ತಾರೇನು?”

ನನ್ನ ಮೌಖಿಕ ಪರೀಕ್ಷೆಯ ಕಥೆ ಚಿಕ್ಕದು. ಬೋಧಕರು “ಎರಡನೇ ಡೈವಿನ ಸಮಯ ಯಾಕೆ ಕಡಿಮೆ?” ಎಂದಾಗ ಎಲ್ಲರ ದನಿ ಬರುವ ನನಗೆ ನನ್ನ ದನಿಯೇ ಹೊರಡಲಿಲ್ಲ. ಸಿಕ್ಕಿದ ದನಿಯಲ್ಲಿ ಉತ್ತರಿಸಿದೆ. ಸೊಂಟಕ್ಕೆ ಕೈ ಹೋಯಿತು, ಬಲಗೈ ಬೆರಳು ಮೇಲೆದ್ದಿತು, “ಅವಸರ ಐತೇನು?” ಎಂದು ಶುರುಮಾಡಿ ಸಿಪ್ಪೆ, ಕಾಳು, ಬಾಟ್ಲಿ ಎಲ್ಲ ಹೇಳಿದೆ. ಬೋಧಕರು ಪೆನ್ನು ಕೆಳಗಿಟ್ಟರು. “ಉತ್ತರ ಸರಿ ಇದೆ ಮಾರಾಯ. ಆದರೆ ಈಗ ಮಾತಾಡಿದ್ದು ಯಾರು?”

ಮಾತಾಡಿದವರು ಮುಂದಿನ ಬೇಸಿಗೆಯಲ್ಲಿ ಸ್ವತಃ ಬಂದಿಳಿದರು. ಅಷ್ಟರಲ್ಲಿ ಬಳ್ಳಾರಿಯ ಈಜುಕೊಳದ ಹೆಂಗಸರ ಬ್ಯಾಚಿನಲ್ಲಿ, ತಮ್ಮ ಹಳೆಯ ವಿದ್ಯಾರ್ಥಿನಿಯರ ಮಕ್ಕಳ ನಡುವೆ, ಈಜು ಕಲಿತಿದ್ದರು. ಆರೋಗ್ಯ ಪರೀಕ್ಷೆ ಮಾಡಿದ ಡಾಕ್ಟರು ಪ್ರಮಾಣಪತ್ರ ಕೊಡುವಾಗ, “ಯಾವ ಕ್ಷೇತ್ರಕ್ಕೆ ಯಾತ್ರೆ?” ಎಂದು ಕೇಳಿದ್ದರಂತೆ. “ಇಷ್ಟು ವರ್ಷ ಕ್ಲಾಸಿನಾಗ ಉಷ್ಣ ಕಲಿಸಿದೆ, ಈಗ ಒತ್ತಡದ ಕ್ಷೇತ್ರಕ್ಕ ಬಂದೀನಿ” ಅಂದಿದ್ದರಂತೆ ಮೇಡಂ. ಡಾಕ್ಟರು ಬಿ.ಪಿ. ಇನ್ನೊಮ್ಮೆ ನೋಡಿದರಂತೆ.

ಬೋಟಿನಲ್ಲಿ ಬೋಧಕರು “ಬನ್ನಿ ಅಮ್ಮ” ಅಂದರು.

“ಅಮ್ಮ ಅನಬ್ಯಾಡ್ರಿ. ವಿದ್ಯಾರ್ಥಿ ಅನ್ರಿ. ತಪ್ಪು ಮಾಡಿದ್ರ ಬೈರಿ.”

ಬೈಸಿಕೊಂಡರು. ನೀರಿನೊಳಗೆ ಹೆಬ್ಬೆರಳು ಮೇಲೆತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ಮೇಡಂ ಮೀನು ಕಂಡ ಖುಷಿಗೆಲ್ಲ ಹೆಬ್ಬೆರಳು ಎತ್ತುವುದು, ಬೋಧಕರು ಅವರನ್ನು ಮೇಲೆ ಕರೆತರುವುದು. “ಯಾಕ ತಂದ್ರಿ? ಈಗ ನೋಡಾಕತ್ತಿದ್ದೆ!” “ನೀವೇ ಹೇಳಿದ್ದಲ್ಲ?” ಇಬ್ಬರನ್ನೂ ಸಂಜೆ ನಾನು ಅಭಿನಯಿಸಿ ತೋರಿಸಿದೆ. ಇಬ್ಬರೂ ಇನ್ನೊಬ್ಬರ ಭಾಗಕ್ಕೆ ಮಾತ್ರ ನಕ್ಕರು.

ಉಳಿದೆಲ್ಲ ಬಂತು, ಮಾಸ್ಕ್ ಬರಲಿಲ್ಲ. ಕಣ್ಣು ಮೂಗು ಮುಚ್ಚುವ ಆ ಗಾಜಿನ ಮಾಸ್ಕನ್ನು ಆಳದಲ್ಲಿ ಪೂರ್ತಿ ತೆಗೆದು, ಮತ್ತೆ ಹಾಕಿಕೊಂಡು, ಮೂಗಿನಿಂದ ಗಾಳಿ ಊದಿ ಒಳಗಿನ ನೀರು ಹೊರಹಾಕಬೇಕು. ಇದು ಬರದವರಿಗೆ ಡೈವಿಂಗ್ ಪಾಸಾದ ಕಾರ್ಡು ಇಲ್ಲ. ಮೇಡಂ ತೆಗೆಯುತ್ತಿದ್ದರು, ಮುಖಕ್ಕೆ ನೀರು ಮುಟ್ಟಿದ ಕೂಡಲೇ ಗಾಬರಿಯಾಗಿ ಬೋಧಕರ ತೋಳು ಹಿಡಿಯುತ್ತಿದ್ದರು. ಪ್ರತಿ ಸಲವೂ ಅಷ್ಟೇ. ಕೊನೆಯ ದಿನದ ಮೊದಲ ಡೈವಿನಲ್ಲೂ ಹಾಗೇ ಆಯಿತು. ಉಳಿದದ್ದು ಒಂದೇ ಡೈವು. ಮಳೆಗಾಲ ಹತ್ತಿರ ಬಂದಿತ್ತು. ಆ ವಾರ ಮುಗಿದರೆ ಬೋಟು ದಡಕ್ಕೆ ಏರುತ್ತಿತ್ತು. ಮುಂದಿನ ಹಂಗಾಮಿಗೆ ಎಲ್ಲ ಮೊದಲಿನಿಂದ.

ಮೇಡಂ ಬೋಟಿನ ಮೂಲೆಯಲ್ಲಿ ಒದ್ದೆಯಾಗಿ ಕೂತಿದ್ದರು. ಮೊದಲ ಸಲ ಅವರು ನನಗೆ ವಯಸ್ಸಾದವರಂತೆ ಕಂಡರು.

ಆಗ ಪಶ್ಚಿಮದಲ್ಲಿ ಮೋಡ ಕಟ್ಟತೊಡಗಿತು. ಬೋಧಕರು ಆಕಾಶ ನೋಡಿ, ಮೇಡಂ ಎದುರು ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಈಗಲೇ ಇಳಿಯಬಹುದು, ಆದರೆ ಮೊದಲ ಡೈವಿನ ಸಾರಜನಕ ಇನ್ನೂ ಇರುವುದರಿಂದ ಒಳಗೆ ಸಮಯ ಕಡಿಮೆ ಸಿಗುತ್ತದೆ, ಮಾಸ್ಕಿನ ಕೆಲಸ ತಡವಾದರೆ ಅರ್ಧಕ್ಕೇ ಮೇಲೆ ಬರಬೇಕು. ಕಾದರೆ ಸಮಯ ಧಾರಾಳ. ಆದರೆ ಅಷ್ಟರಲ್ಲಿ ಗಾಳಿ ಎದ್ದರೆ ಇಳಿಸುವುದಿಲ್ಲ. “ನಿಮ್ಮ ಡೈವು, ಯೋಜನೆ ನೀವೇ ಮಾಡಿ.”

ಮೇಡಂ ಕೋಷ್ಟಕದ ಮೇಲೆ ಬೆರಳಾಡಿಸಿದರು. ನನಗೆ ತಡೆಯಲಾಗಲಿಲ್ಲ. “ಈಗ ಇಳೀರಿ ಮೇಡಂ. ನಾಕು ನಿಮಿಷ ಹೆಚ್ಚಾದ್ರ ಏನಾತು? ಕೋಷ್ಟಕ ಮಾಡಿದವರು ಸಡ್ಲ ಇಟ್ಟಿರ್ತಾರ.”

ಅವರು ಕನ್ನಡಕದ ಮೇಲಿನಿಂದ ನೋಡಿದರು. ತರಗತಿಯ ನೋಟ. ನನ್ನ ವಯಸ್ಸು ಜರ್ರನೆ ಇಳಿಯಿತು.

“ಸಡ್ಲ ಇಟ್ಟಾರ. ಯಾರಿಗಿಟ್ಟಾರ? ಮೈಯೊಳಗ ಹೋಗಿ ಯಾರೂ ಆ ಬಾಟ್ಲಿ ಎಣಿಸಿಲ್ಲ. ಅವು ಲೆಕ್ಕಕ್ಕ ಅಂತ ಮಾಡಿಕೊಂಡ ಬಾಟ್ಲಿ. ಆಡು ನೋಡ್ಯಾರ, ಗಟ್ಟಿ ಮೈಯ ಸೈನಿಕರನ್ನ ನೋಡ್ಯಾರ. ಅರವತ್ತು ದಾಟಿದ ಸಿರುಗುಪ್ಪದ ಹೆಣಮಗಳನ್ನ ಯಾರರ ನೋಡ್ಯಾರೇನು? ಆ ಸಡ್ಲ ನಮ್ಮ ಅವಸರಕ್ಕ ಇಟ್ಟಿದ್ದಲ್ಲಲೇ. ನಮಗ ಗೊತ್ತಿಲ್ಲದ್ದಕ್ಕ ಇಟ್ಟಿದ್ದು.”

“ಗಾಳಿ ಬಂದ್ರ ಕಾರ್ಡ್ ಹೋತು, ಮೇಡಂ.”

“ಹೋಗಲಿ. ಕಾಳು ಇನ್ನ ಒಣಗಿಲ್ಲ.” ಬೋಧಕರ ಕಡೆ ತಿರುಗಿ, “ಕಾಯ್ತೀನ್ರಿ” ಅಂದರು.

ಚೀಲದಿಂದ ಮಂಡಕ್ಕಿ ಒಗ್ಗರಣೆಯ ಡಬ್ಬಿ ತೆಗೆದು ಎಲ್ಲರಿಗೂ ಹಂಚಿದರು. ಬೋಟು ಓಲಾಡುತ್ತಿತ್ತು. ಮೋಡ ಬೆಳೆಯುತ್ತಿತ್ತು. ಬೋಟು ನಡೆಸುವವನು ನಿಮಿಷಕ್ಕೊಮ್ಮೆ ನಾಲಗೆಯಲ್ಲಿ ಲೊಚಗುಟ್ಟುತ್ತಿದ್ದ. ನಾನು ಹಾಸ್ಯ ಮಾಡಲು ಬಾಯಿ ತೆರೆದು ಮಂಡಕ್ಕಿ ಹಾಕಿಕೊಂಡು ಮುಚ್ಚಿದೆ. ಮೇಡಂ ಮಾತ್ರ ಕಟ್ಟೆಯ ಮೇಲೆ ನಿಂತವರ ಹಾಗೆ ನೆಮ್ಮದಿಯಿಂದ, ಮಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ತೆಗೆಯುವುದು ಹಾಕುವುದು ತೆಗೆಯುವುದು ಹಾಕುವುದು ಮಾಡುತ್ತಿದ್ದರು. ಅವಸರವಿಲ್ಲದೆ.

ಕಾಯುವಷ್ಟು ಕಾದಾಯಿತು. ಗಾಳಿ ಇನ್ನೂ ಎದ್ದಿರಲಿಲ್ಲ. ಬೋಧಕರು ನೀರು ನೋಡಿದರು, ಮೋಡ ನೋಡಿದರು, ಮೇಡಂ ಮುಖ ನೋಡಿದರು. “ಇಳಿಯಿರಿ.”

ಕೆಳಗೆ ಮರಳಿನ ಮೇಲೆ ನಾವು ಮೂವರು ಮೊಣಕಾಲೂರಿದೆವು. ಬೋಧಕರು ಸನ್ನೆ ಮಾಡಿದರು. ಮೇಡಂ ಮಾಸ್ಕ್ ತೆಗೆದರು. ಮುಖಕ್ಕೆ ನೀರು ಬಡಿಯಿತು, ಭುಜ ಬಿಗಿಯಿತು, ಕೈ ಎಂದಿನಂತೆ ಬೋಧಕರ ತೋಳಿನ ಕಡೆ ಹೊರಟಿತು. ಬೋಧಕರು ಹತ್ತಿರ ಸರಿದರು. ಅರ್ಧ ದಾರಿಯಲ್ಲಿ ಆ ಕೈ ನಿಂತಿತು. ತೋರುಬೆರಳು ಮೇಲೆದ್ದಿತು.

ತಡಿ.

ಬಲಗೈ. ನಾನು ಸರಿಯಾಗಿ ನೋಡಿದ್ದೇನೆ.

ಬಾಯಿಯಿಂದ ಒಂದು ಉಸಿರು, ಗುಳ್ಳೆ. ಇನ್ನೊಂದು ಉಸಿರು, ಗುಳ್ಳೆ. ಆಮೇಲೆ ಕಣ್ಣು ಮುಚ್ಚಿಕೊಂಡೇ ಮಾಸ್ಕ್ ಹಾಕಿ, ಪಟ್ಟಿ ಹಿಂದಕ್ಕೆಳೆದು, ಮುಖ ಮೇಲೆತ್ತಿ ಮೂಗಿನಿಂದ ಊದಿದರು. ಮಾಸ್ಕಿನೊಳಗಿನ ನೀರು ಇಳಿಯುತ್ತಾ ಇಳಿಯುತ್ತಾ ಹೋಗಿ, ಅವರ ಎರಡು ಕಣ್ಣು ಹೊರಬಂದವು. ಬೋಧಕರು ಕೈ ಕುಲುಕಿದರು. ನಾನು ಕೂಗಿದೆ, ಸಮುದ್ರದಲ್ಲಿ ಅದು ‘ಬುಳ್’ ಎಂದು ಕೇಳಿಸಿತು.

ಬೋಧಕರು ಬಂಡೆಯ ಕಡೆ ಕರೆದೊಯ್ದರು. ಬಂಡೆಯ ಸಂದಿಯಿಂದ ಒಂದು ಆಮೆ ಹೊರಬಂದು, ನಮ್ಮನ್ನು ಲೆಕ್ಕಿಸದೆ, ಮೇಡಂ ಪಕ್ಕದಲ್ಲೇ ತೇಲಿ ಹೋಯಿತು. ನೀಲಿ ಹಳದಿ ಮೀನುಗಳ ಹಿಂಡು ಒಮ್ಮೆಲೇ ತಿರುಗಿದಾಗ ಅಂಗಳದ ಭತ್ತಕ್ಕೆ ಬಿಸಿಲು ಬಿದ್ದಂತೆ ಹೊಳೆಯಿತು. ಮೇಡಂ ಹೆಬ್ಬೆರಳು ಎತ್ತಲು ಹೋಗಿ, ನೆನಪಾಗಿ, ಮಡಚಿಕೊಂಡು, ಎರಡೂ ಕೈ ಎದೆಗೆ ಒತ್ತಿಕೊಂಡರು.

ಮೇಲೆ ಬರುವಾಗ ಐದು ಮೀಟರಿನಲ್ಲಿ ಹಗ್ಗ ಹಿಡಿದು ಮೂರು ನಿಮಿಷ ನಿಲ್ಲುವುದು ಪದ್ಧತಿ. ಮೈಯಿಂದ ಗಾಳಿ ಇನ್ನಷ್ಟು ಬಿಟ್ಟುಹೋಗಲಿ ಅಂತ. ಅಲ್ಲಿ ನಿಂತ ಮೇಡಂ ಅವರನ್ನು ನೋಡಿ ನನಗೆ ಹೊಳೆಯಿತು. ಇವರು ಇಡೀ ಜೀವಮಾನ ಕಾಲೇಜಿನ ಮೆಟ್ಟಿಲ ಮೇಲೆ ಇದನ್ನೇ ಮಾಡಿದ್ದರು! ತಡೆಯಲಾರದೆ ನಾನು ಅವರ ಎದುರಿಗೇ ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದರ ಬೆರಳೆತ್ತಿ ನಿಂತೆ. ಮಾತಿಲ್ಲದ ಜಾಗದಲ್ಲಿ ನಾನು ಕೊಟ್ಟ ಏಕೈಕ ಪ್ರದರ್ಶನ. ಮೇಡಂ ನಕ್ಕರು. ನಕ್ಕರೆ ಕೆನ್ನೆ ಮಡಿಕೆ ಬೀಳುತ್ತದೆ, ಮಡಿಕೆ ಬಿದ್ದರೆ ಮಾಸ್ಕಿಗೆ ನೀರು ನುಗ್ಗುತ್ತದೆ. ನುಗ್ಗಿತು.

ಅವರು ಯಾರ ತೋಳೂ ಹಿಡಿಯಲಿಲ್ಲ. ಮುಖ ಎತ್ತಿದರು, ಊದಿದರು, ಕಣ್ಣು ಹೊರಬಂತು. ಆಮೇಲೆ ನನ್ನ ಕೈ ತೋರಿಸಿ ಬೆರಳಾಡಿಸಿದರು. ನೋಡಿಕೊಂಡೆ. ಎಡಗೈ ಎತ್ತಿದ್ದೆ.

ಬೋಟಿಗೆ ಹತ್ತಿ ಕೂರುತ್ತಿದ್ದಂತೆ ಮಳೆಯ ಮೊದಲ ಹನಿ ಬಿತ್ತು. “ಪಾಸೇನ್ರಿ?” ಎಂದು ಮೇಡಂ ಕೇಳಿದರು. “ಒಂದು ಸಲ ಕೇಳಿದೆ, ಎರಡು ಸಲ ಮಾಡಿ ತೋರಿಸಿದಿರಲ್ಲ ಮೇಡಂ” ಅಂದರು ಬೋಧಕರು.

ಆ ಖುಷಿಯಲ್ಲಿ ನಾನು ಅಂದು ರಾತ್ರಿಯ ಬಸ್ಸಿಗೇ ಇಬ್ಬರ ಟಿಕೆಟ್ ತೆಗೆದಿರುವುದನ್ನು ಹೇಳಿದೆ. ಮೇಡಂ ಬೆರಳು ಎತ್ತಿದರು. “ಘಟ್ಟ ಯಾರು ಹತ್ತಬೇಕು? ಡೈವ್ ಮಾಡಿ ಎತ್ತರಕ್ಕ ಹೋದ್ರೂ ಒತ್ತಡ ಇಳೀತೈತಿ. ವಿಮಾನ ಹತ್ತಬಾರದು ಅಂತ ಬರಕೊಂಡೀಯಲ್ಲ?”

“ವಿಮಾನ ಎಲ್ಲೈತ್ರಿ ಮೇಡಂ? ನಾವು ಹೋಗೋದು ಬಳ್ಳಾರಿಗೆ. ಬಯಲುಸೀಮಿ.”

“ಬಯಲು ನಿನಗ. ಸಮುದ್ರಕ್ಕ ಕೇಳು, ಬಳ್ಳಾರಿ ಎಷ್ಟು ಎತ್ತರ ಐತಿ ಅಂತ ಹೇಳತೈತಿ. ಹೆಚ್ಚುಕಡಿಮಿ ಅರ್ಧ ಕಿಲೋಮೀಟರ್! ಹುಟ್ಟಿದಾಗಿಂದ ಮಾಳಿಗಿ ಮ್ಯಾಲ ಬದುಕೀವಲೇ ನಾವು.”

ಟಿಕೆಟ್ ರದ್ದಾಯಿತು. ಮೈ ಪೂರ್ತಿ ಒಣಗುವ ತನಕ ಕಡಲ ದಂಡೆಯಲ್ಲಿ ಕೂತು ಮಳೆ ನೋಡಿದೆವು. ಆಮೇಲೆ ನಮ್ಮ ಮಾಳಿಗೆಗೆ ಹತ್ತಿದೆವು.

ಕಾರ್ಡು ಬಂದ ದಿನ ಮೇಡಂ ಸೀದಾ ಸಿರುಗುಪ್ಪಕ್ಕೆ ಹೊರಟರು, ನನ್ನನ್ನೂ ಕರೆದರು. ಅಂಗಳದ ತುದಿಯಲ್ಲಿ ಅವರ ತಮ್ಮ ಅದೇ ಕುರ್ಚಿಯಲ್ಲಿದ್ದರು. ಅಕ್ಕನ ಫೋಟೋ ಇದ್ದ ಆ ಪ್ಲಾಸ್ಟಿಕ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದರು, ಬಿಸಿಲಿಗೆ ಹಿಡಿದರು. ಆಮೇಲೆ, ನನಗೆ ಅನುಮಾನವಿದ್ದಂತೆಯೇ, ಅದರ ಮೂಲೆಯನ್ನು ಮುಂಹಲ್ಲಿಗೆ ಕೊಟ್ಟು ಕಡಿದರು. ಕಿವಿ ವಾಲಿಸಿದರು.

“ಚಲೋ ಒಣಗೈತಿ” ಅಂದರು. ಕಾರ್ಡನ್ನು ಪಂಚೆಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟರು. “ಒಂದ ನುಚ್ಚಿಲ್ಲಕ್ಕ.”

ಹಮಾಲರು ಚೀಲ ಇಳಿಸಿ ಸುತ್ತ ನಿಂತಿದ್ದರು. ಕುರ್ಚಿಯನ್ನು ಅಕ್ಕನಿಗೆ ಬಿಟ್ಟುಕೊಟ್ಟ ತಮ್ಮ, ತಾವು ಭತ್ತದ ಚೀಲದ ಮೇಲೆ ಕೂತು, ಮುಂದಕ್ಕೆ ಬಾಗಿದರು. “ಅಕ್ಕಾ, ಹೇಳು. ಒಳಗ ಏನೈತಿ?”

ಮೇಡಂ ಕುರ್ಚಿಯಲ್ಲಿ ಹಿಂದಕ್ಕೊರಗಿದರು. ಬಲಗೈ ಬೆರಳು ಎತ್ತಿ ಸ್ವಲ್ಪ ಹೊತ್ತು ಕಾಯಿಸಿದರು.

“ಏನಿಲ್ಲ ತಮ್ಮಾ,” ಅಂದರು. “ಬರೀ ಕೆಸರು.”